ದೊರೆಯ ಕಾಲಿನ ಅಳತೆ

ಫೆಬ್ರವರಿ ೯

ಅಪ್ಪನಿಗೆ,

ಅಮ್ಮ ತೀರಿಕೊಂಡಾಗ ನಾನು ಎರಡು ಸಾಲು ಬರೆದಿದ್ದೆ, ನೀವೂ ಎರಡೇ ಸಾಲು ಬರೆದಿರಿ. ಅಲ್ಲಿಗೆ ನಮ್ಮ ಪತ್ರವ್ಯವಹಾರ ಮುಗಿಯಿತು ಅಂದುಕೊಂಡಿದ್ದೆ. ಈಗ ಬರೆಯುತ್ತಿರುವುದು ನನಗಾಗಿ ಅಲ್ಲ, ಒಂದು ಕುದುರೆಗಾಗಿ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಕಾಗದವಾದರೆ ಕುದುರೆಯ ಹತ್ತಿರವೇ ಕಟ್ಟಿಹಾಕಬಹುದು.

ನಾನು ಒಂದು ದೊಡ್ಡ ನರ್ಸರಿಯಲ್ಲಿ ಗಾಡಿ ಹೊಡೆಯುತ್ತೇನೆ. ಗಾಜಿನ ಮನೆಗಳ ನಡುವಿನ ದಾರಿ ಬಲು ಇಕ್ಕಟ್ಟು, ಲಾರಿ ಟ್ರ್ಯಾಕ್ಟರ್ ಒಳಗೆ ಬರುವುದಿಲ್ಲ. ಮಣ್ಣು, ಗೊಬ್ಬರ, ಕುಂಡ, ಸಸಿ ಎಲ್ಲವನ್ನೂ ಒಂದೇ ಕುದುರೆ ಎಳೆಯುತ್ತದೆ. ಅವನನ್ನು ದೊರೆ ಎನ್ನುತ್ತೇವೆ. ಕೆಸರು ಕಂಡರೆ ಬಳಸಿಕೊಂಡು ಹೋಗುತ್ತಾನೆ, ತೊಟ್ಟಿಯಲ್ಲಿ ಒಂದು ತರಗೆಲೆ ಬಿದ್ದಿದ್ದರೂ ನೀರು ಮುಟ್ಟುವುದಿಲ್ಲ. ಈ ಏಳು ವರ್ಷದಲ್ಲಿ ನಾನು ದಿನದ ಹೆಚ್ಚು ಹೊತ್ತು ಮಾತಾಡಿದ್ದು ಅವನ ಜೊತೆಗೇ.

ಕುದುರೆ ಕಂಡರೆ ಕಾಲು ನೋವು ಎನ್ನುತ್ತಾರಲ್ಲ, ಇಲ್ಲಿ ಕಾಲು ನೋವು ಕುದುರೆಗೇ ಬಂದಿದೆ. ಅವನ ಮುಂಗಾಲಿನ ಲಾಳ ಮೇಲಿಂದ ಮೇಲೆ ಕಿತ್ತು ಬಂತು, ಬರುವಾಗ ಗೊರಸಿನ ಚೂರನ್ನೂ ಕಿತ್ತುಕೊಂಡೇ ಬಂತು. ವರ್ಷಗಟ್ಟಲೆ ಮೊಳೆ ಹೊಡೆಸಿಕೊಂಡ ಅಂಚು ಒಣಗಿದ ಬ್ರೆಡ್ಡಿನ ಹಾಗೆ ಉದುರುತ್ತಿದೆ. ನಮ್ಮ ಲಾಳದವರು ಸುತ್ತಿಗೆ ಕೆಳಗಿಟ್ಟು, "ಇನ್ನು ಮೊಳೆ ಹೊಡೆಯೋಕೆ ಜಾಗವೇ ಇಲ್ಲಮ್ಮ. ಬರಿಗಾಲಲ್ಲಿ ಬಿಟ್ಟುಬಿಡು" ಎಂದರು. ಮೇಲಿನಿಂದ ಹೊಸ ಗೊರಸು ಇಳಿದು ನೆಲ ಮುಟ್ಟಲು ಹೆಚ್ಚುಕಮ್ಮಿ ಒಂದು ವರ್ಷ ಬೇಕಂತೆ. ಅಲ್ಲಿಯವರೆಗೆ ಕಲ್ಲಿನ ಮೇಲೆ ನಡೆಯುವಾಗ ಬೂಟು ಹಾಕಬೇಕು, ಕೆಲಸ ಮುಗಿದ ಮೇಲೆ ಬಿಚ್ಚಬೇಕು. ಮೆತ್ತಗಿನ ನೆಲದ ಮೇಲೆ ಬರಿಗಾಲಲ್ಲೇ ಸರಿಯಾಗಿ ನಡೆಯುತ್ತಾನೆ. ಆದರೆ ನಮ್ಮ ದಾರಿಯೆಲ್ಲ ಜಲ್ಲಿ. ಜಲ್ಲಿಯ ಅಂಚಿಗೆ ಬಂದು ನಿಂತು ನನ್ನ ಮುಖ ನೋಡುತ್ತಾನೆ.

ಅಂಗಡಿಯಲ್ಲಿ ಕುದುರೆ ಬೂಟು ಸಿಗುತ್ತದೆ. ಎರಡು ಜೊತೆ ತರಿಸಿ ನೋಡಿದೆ. ದೊರೆಯ ಮುಂಗಾಲು ಎರಡೂ ಒಂದೇ ಸಮ ಇಲ್ಲ. ಒಂದು ಅಗಲ, ಚಪ್ಪಟೆ. ಇನ್ನೊಂದು ಕಿರಿದು, ನೆಟ್ಟಗೆ. ಒಂದು ಕಳಚಿ ಬೀಳುತ್ತದೆ, ಇನ್ನೊಂದು ಹಿಮ್ಮಡಿ ಉಜ್ಜಿ ಗಾಯ ಮಾಡುತ್ತದೆ.

ಯಜಮಾನಿ ಕೆಟ್ಟವರಲ್ಲ. ಮೇ ತಿಂಗಳು ಸಸಿ ಸಾಗಣೆ ಶುರುವಾಗುವುದರೊಳಗೆ ಇವನು ಗಾಡಿ ಎಳೆದರೆ ಸರಿ, ಇಲ್ಲದಿದ್ದರೆ ಬ್ಯಾಟರಿ ಗಾಡಿ ತರಿಸಿ ಇವನನ್ನು ದಲ್ಲಾಳಿಗೆ ಕೊಡುತ್ತೇನೆ ಎಂದಿದ್ದಾರೆ. ದಲ್ಲಾಳಿಗೆ ಕೊಟ್ಟ ಮುದಿ ಕುದುರೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನೀವು ಸಮ ಇಲ್ಲದ ಕಾಲುಗಳಿಗೆ ಶೂ ಹೊಲಿಯುತ್ತೀರಿ. ನಿಮ್ಮ ಬಗ್ಗೆ ನನಗೆ ಖಂಡಿತವಾಗಿ ಗೊತ್ತಿರುವುದು ಅದೊಂದೇ. ಎರಡೂ ಗೊರಸಿನ ಸುತ್ತ ಗೆರೆ ಎಳೆದ ಹಾಳೆ ಇದರ ಜೊತೆ ಇದೆ. ಆಗುತ್ತದೋ ಇಲ್ಲವೋ ತಿಳಿಸಿ.

ಇಂತಿ,
ಮಗಳು

*

ಫೆಬ್ರವರಿ ೨೨

ಪ್ರೀತಿಯ ಬುಗುರಿ,

ಬುಗುರಿ ಎಂದು ಕರೆದದ್ದಕ್ಕೆ ಸಿಟ್ಟಾಗಬೇಡ. ಬೇರೆ ಹೆಸರಲ್ಲಿ ಬರೆಯಲು ಕೈ ಓಡಲಿಲ್ಲ. ನೆನಪಿದೆಯೋ ಇಲ್ಲವೋ, ಹಾಳೆಯ ಮೇಲೆ ಪಾದ ಇಡು ಅಂದರೆ ಗೆರೆ ಅರ್ಧ ಎಳೆಯುವುದರೊಳಗೆ ಒಂದು ಸುತ್ತು ಸುತ್ತಿಬಿಡುತ್ತಿದ್ದೆ. ಊರಿನವರ ಕಾಲೆಲ್ಲ ಅಳೆದ ನನಗೆ ನಿನ್ನ ಕಾಲು ಮಾತ್ರ ನೆಟ್ಟಗೆ ಸಿಗಲಿಲ್ಲ.

ಕುದುರೆಯ ವಿಷಯಕ್ಕೇ ನಿಲ್ಲಬೇಕು ಅಂದೆಯಲ್ಲ, ಆಗಲಿ. ನಾನು ಕುದುರೆಗೆ ಯಾವತ್ತೂ ಬೂಟು ಹೊಲಿದವನಲ್ಲ. ಹಾಳೆ ನೋಡಿ ಮೊದಲು ಊಟದ ತಟ್ಟೆಯ ಚಿತ್ರ ಅಂದುಕೊಂಡೆ. ಆಮೇಲೆ ಮೇಜಿನ ಮೇಲೆ ಇಟ್ಟು ಬಹಳ ಹೊತ್ತು ನೋಡಿದೆ. ಬೆರಳಿಲ್ಲ, ಕೀಲಿಲ್ಲ, ಸುತ್ತ ಒಂದೇ ಉಗುರು. ಮರದಲ್ಲಿ ಎರಡು ಅಚ್ಚು ಕೆತ್ತಿ, ದಪ್ಪ ಚರ್ಮ ಸುತ್ತಿ, ಹಳೆಯ ಟೈರಿನ ಅಟ್ಟೆ ಹಾಕಿದ್ದೇನೆ. ಟೈರಿಗೆ ದಬ್ಬಳ ಇಳಿಸಲು ಹೋಗಿ ಎರಡು ಮುರಿದವು. ಕಾಗದ ತಲುಪುವ ಹೊತ್ತಿಗೆ ಪೆಟ್ಟಿಗೆಯೂ ಬಂದಿರಬೇಕು.

ನಿನ್ನ ದೊಡ್ಡಪ್ಪ ನನ್ನ ಜೊತೆಗೇ ಇದ್ದಾನೆ. ಹೋದ ವರ್ಷ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಮಾತೂ ಹೋಯಿತು, ಒಂದೇ ಒಂದು ಮಾತು ಉಳಿದಿದೆ, "ಆಗ್ಲಿ." ಹಸಿವಾದರೂ ಆಗ್ಲಿ, ಬೈದರೂ ಆಗ್ಲಿ. ಅಂಗಡಿಯಲ್ಲಿ ನನ್ನ ಎದುರಿಗೇ ಕೂರಿಸಿಕೊಂಡಿರುತ್ತೇನೆ. ನಿನ್ನ ಕಾಗದ ಓದಿ ಹೇಳಿದಾಗ ಎಡಗೈ ಎತ್ತಿ ಹಾಳೆ ಕೇಳಿ ಇಸಿದುಕೊಂಡ.

ಕುದುರೆ ಹೊಟ್ಟೆ ತುಂಬ ತಿನ್ನುತ್ತದೆಯಾ? ಕುದುರೆ ಹೊಡೆಯುವವಳು?

ಅಪ್ಪ

*

ಮಾರ್ಚ್ ೮

ಅಪ್ಪನಿಗೆ,

ಪೆಟ್ಟಿಗೆ ಬಂತು. ಬೂಟು ನೋಡಿ ಇಲ್ಲಿನವರೆಲ್ಲ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಹೊಲಿಗೆ ಅಷ್ಟು ಚೆನ್ನಾಗಿದೆ. ಆದರೆ ಕಾಲಿಗೆ ಹೋಗುವುದಿಲ್ಲ. ನಾನು, ಲಾಳದವರು, ಗೊಬ್ಬರ ತುಂಬುವ ಇಬ್ಬರು, ನಾಲ್ಕು ಜನ ಸೇರಿ ತುರುಕಿದರೂ ಹೋಗಲಿಲ್ಲ. ಎರಡೂ ಕಾಲಿಗೂ ಬೆರಳಿನಷ್ಟು ಸಣ್ಣದು. ದೊರೆ ಸ್ವಲ್ಪ ಹೊತ್ತು ಸಹಿಸಿಕೊಂಡು, ಆಮೇಲೆ ಕಾಲು ಝಾಡಿಸಿ ಬೂಟನ್ನು ನೀರಿನ ತೊಟ್ಟಿಗೆ ಹಾಕಿದ.

ನಾನು ನಕ್ಕಿದ್ದರೆ ಚೆನ್ನಾಗಿತ್ತು. ನಗು ಬರಲಿಲ್ಲ. ನಿಮ್ಮ ಕೈಯಿಂದ ಬಂದ ಶೂ ನನಗೆ ಯಾವತ್ತು ಆಗಿತ್ತು, ಇವನಿಗೆ ಆಗೋಕೆ? ಪ್ರತಿ ವರ್ಷ ಶಾಲೆ ಶುರುವಾಗುವ ವಾರ ಪೆಟ್ಟಿಗೆ ಬರುತ್ತಿತ್ತು. ಅದನ್ನು ಬಿಚ್ಚಿದ ತಕ್ಷಣ ಮುಖ ಒಳಗಿಟ್ಟು ಹೊಸ ಚರ್ಮದ ವಾಸನೆ ಎಳೆದುಕೊಳ್ಳುತ್ತಿದ್ದೆ. ಹೆಬ್ಬೆರಳು ಮಡಚಿ ಹಾಕಿಕೊಂಡು ಹೋಗಿ, ಸಂಜೆ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದೆ. ಒಂದು ವರ್ಷವಾದರೂ ಸರಿಹೋಗಬಹುದಿತ್ತು. ಒಂದು ವರ್ಷವೂ ಸರಿಹೋಗಲಿಲ್ಲ.

ಇದನ್ನು ಬರೆಯಬೇಕೆಂದಿರಲಿಲ್ಲ. ಬರೆದಾಯಿತು. ಹೊಡೆದು ಹಾಕಿದರೂ ಅಡಿಯಲ್ಲಿ ಕಾಣುತ್ತದೆ, ಹಾಗೇ ಇರಲಿ.

ದೊರೆ ಈಗ ಹುಲ್ಲಿನ ಮೇಲೆ ನಿಂತಿರುತ್ತಾನೆ. ಕುಂಡಗಳನ್ನು ನಾವೇ ಕೈಗಾಡಿಯಲ್ಲಿ ತಳ್ಳುತ್ತಿದ್ದೇವೆ. ಅವನು ಬೇಲಿಯ ಪಕ್ಕ ನಿಂತು, ನನ್ನ ಕೆಲಸ ಇವರೇಕೆ ಮಾಡುತ್ತಿದ್ದಾರೆ ಎನ್ನುವ ಹಾಗೆ ನೋಡುತ್ತಾನೆ.

ಇಂತಿ,
ಮಗಳು

*

ಮಾರ್ಚ್ ೧೭

ಬುಗುರಿ,

ಮೊದಲು ಕುದುರೆಯ ಮಾತು. ಗೆರೆ ಎಳೆಯುವಾಗ ಅವನ ಕಾಲು ಎಲ್ಲಿತ್ತು? ಎತ್ತಿ ಹಿಡಿದು ಅಡಿಗೆ ಹಾಳೆ ಒತ್ತಿದೆಯಾ? ಲಾಳ ಹೊಡೆಯುವವರು ಹಾಗೆ ಎತ್ತಿ ಹಿಡಿಯುತ್ತಾರಲ್ಲ, ಹಾಗೇ ಮಾಡಿರುತ್ತೀಯ. ಎತ್ತಿದ ಕಾಲು ಬೇರೆ, ನಿಂತ ಕಾಲು ಬೇರೆ. ಮೈಭಾರ ಬಿದ್ದಾಗ ಯಾವ ಪಾದವೂ ಹರಡುತ್ತದೆ. ನಾನು ಕೇಳಬೇಕಿತ್ತು. ನನ್ನ ಅಂಗಡಿಗೆ ಬರುವವರೆಲ್ಲ ಹಾಳೆಯ ಮೇಲೆ ನಿಂತೇ ಅಳತೆ ಕೊಡುವವರು. ಗಾಳಿಯಲ್ಲೂ ಕಾಲಿನ ಅಳತೆ ತೆಗೆಯಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಅವನನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಇನ್ನೊಂದು ಕಾಲನ್ನು ಯಾರಾದರೂ ಎತ್ತಿ ಹಿಡಿಯಲಿ. ಆಗ ಪೂರ್ತಿ ಭಾರ ಹಾಳೆಯ ಮೇಲಿರುತ್ತದೆ. ಆಗ ಎಳೆದು ಕಳಿಸು.

ಇನ್ನು ಶೂ ಮಾತು. ನಿನ್ನಮ್ಮ ನನ್ನನ್ನು ಬಿಟ್ಟು ಹೊರಟು, ನೀನು ಅವಳ ಜೊತೆ ಬಸ್ಸು ಹತ್ತಿದಾಗ ನಿನಗೆ ಆರು ವರ್ಷ. ಆಮೇಲೆ ನಿನ್ನ ಕಾಲು ನನಗೆ ಕಾಣಲಿಲ್ಲ. ಅಳತೆ ಕಳಿಸಿ ಎಂದು ಕೇಳಿ ಬರೆದೆ, ಉತ್ತರ ಬರಲಿಲ್ಲ. ಎದುರು ಮನೆಯ ಹುಡುಗಿ ನಿನ್ನದೇ ವಯಸ್ಸಿನವಳು. ಪ್ರತಿ ವರ್ಷ ಅವಳನ್ನು ಕರೆದು ಹಾಳೆಯ ಮೇಲೆ ನಿಲ್ಲಿಸುತ್ತಿದ್ದೆ. ಅವಳ ಕಾಲಿಗೆ ಹೊಲಿದು ನಿನಗೆ ಕಳಿಸುತ್ತಿದ್ದೆ. ಹೊಲಿದಾದ ಮೇಲೆ ಒಮ್ಮೆ ಅವಳಿಗೆ ಹಾಕಿ ಅಂಗಡಿಯೊಳಗೆ ನಡೆಸಿಯೂ ನೋಡುತ್ತಿದ್ದೆ. ಚೆನ್ನಾಗಿ ಆಗುತ್ತಿತ್ತು. ಮಗಳಿಗೆ ಆಯಿತು ಎಂದು ಮನಸ್ಸಿಗೆ ಸಮಾಧಾನವಾಗುತ್ತಿತ್ತು.

ಸ್ವಲ್ಪ ದೊಡ್ಡದು ಮಾಡೋಣ ಎಂದು ಎಷ್ಟೋ ಸಲ ಅನಿಸಿದೆ. ಎಷ್ಟು ದೊಡ್ಡದು? ಅಂದಾಜಿನ ಮೇಲೆ ಮಗಳನ್ನು ಬೆಳೆಸಲು ಕೈ ಬರಲಿಲ್ಲ.

ಈ ಸಲ ನಾನೇ ಬಂದು ಅಳತೆ ತೆಗೆದುಕೊಳ್ಳುತ್ತಿದ್ದೆ. ಆದರೆ ದೊಡ್ಡಪ್ಪನನ್ನು ಎತ್ತಿ ಕೂರಿಸಿ, ತಿನ್ನಿಸಿ, ಮಲಗಿಸುವವರು ಬೇರೆ ಯಾರೂ ಇಲ್ಲ. ಬಸ್ ನಿಲ್ದಾಣದ ತನಕ ಹೋಗಿ ಸಮಯ ಕೇಳಿಕೊಂಡು ವಾಪಸು ಬಂದೆ.

ಅಪ್ಪ

*

ಏಪ್ರಿಲ್ ೧೧

ಅಪ್ಪನಿಗೆ,

ಎರಡನೆಯ ಜೊತೆ ಬಂತು. ನೀವು ಹೇಳಿದ ಹಾಗೇ ನಿಲ್ಲಿಸಿ ಗೆರೆ ಎಳೆದು ಕಳಿಸಿದ್ದೆ. ನೀವೂ ಅದರಂತೆಯೇ ಹೊಲಿದಿದ್ದೀರಿ, ಹಾಳೆ ಇಟ್ಟು ನೋಡಿದೆ, ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೂ ಬಿಗಿ.

ಲಾಳದವರು ವಿಷಯ ಏನೆಂದು ಬಿಡಿಸಿ ಹೇಳಿದರು. ಇಷ್ಟು ವರ್ಷ ಕಬ್ಬಿಣ ಹಿಡಿದಿಟ್ಟಿದ್ದ ಗೊರಸು ಈಗ ಹರಡುತ್ತಿದೆ. ಬಿಗಿ ಬೆಲ್ಟು ಬಿಚ್ಚಿದ ಹೊಟ್ಟೆ ಸಡಿಲವಾಗುತ್ತದಲ್ಲ, ಹಾಗೆ. ಇದು ಒಳ್ಳೆಯ ಲಕ್ಷಣವಂತೆ. ನನ್ನ ಹಾಳೆ ನಿಮಗೆ ತಲುಪಿ, ನಿಮ್ಮ ಬೂಟು ನನಗೆ ತಲುಪುವ ಹೊತ್ತಿಗೆ ಅವನ ಕಾಲು ಹಾಳೆಯನ್ನು ದಾಟಿ ಹೋಗಿರುತ್ತದೆ. ಅವನು ಗುಣವಾದಷ್ಟೂ ಬೂಟು ಆಗುವುದಿಲ್ಲ. ಇದಕ್ಕೆ ಏನು ಮಾಡಬೇಕು ಹೇಳಿ. ನನಗಂತೂ ತಲೆ ಓಡುತ್ತಿಲ್ಲ.

ತುರುಕಿದರೆ ಹೋಗುತ್ತದೆ ಎಂದು ಎರಡು ದಿನ ಹಾಕಿ ನಡೆಸಿದೆ. ಮೂರನೆಯ ದಿನ ಬಿಚ್ಚಿದಾಗ ಹಿಮ್ಮಡಿಯ ಮೆತ್ತನೆಯ ಭಾಗ ಕಿತ್ತುಹೋಗಿ ರಕ್ತ ಬಂದಿತ್ತು. ಅವನು ಒಂದು ಮಾತು ಹೇಳುವ ಪ್ರಾಣಿಯಲ್ಲ, ಸುಮ್ಮನೆ ನಡೆದಿದ್ದ. ನಾನು ಗಾಡಿ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆ ಮಡಚಿದ ಹೆಬ್ಬೆರಳಿನ ನೋವು ನನ್ನದೊಂದೇ ಅಂದುಕೊಂಡಿದ್ದೆ. ಈಗ ಅದನ್ನೇ ಅವನಿಗೆ ಮಾಡಿದೆ.

ದಲ್ಲಾಳಿ ಒಮ್ಮೆ ಬಂದು ನೋಡಿ ಹೋದ. ದೊರೆ ಕುಂಟುವುದು ಕಂಡು, ನಡೆಯದ ಕುದುರೆಯನ್ನು ಲಾರಿಗೆ ಹತ್ತಿಸುವ ಕಷ್ಟ ನನಗೆ ಬೇಡ ಎಂದು ಹೊರಟುಹೋದ. ನನಗೆ ಉಸಿರು ಬಂತು.

ಶೂಗಳ ವಿಷಯ. ಅಮ್ಮ ಒಂದನ್ನೂ ಬಿಸಾಡಲಿಲ್ಲ. ಕಪಾಟಿನ ತಳದಲ್ಲಿ ಸಾಲಾಗಿ ಇಟ್ಟಿದ್ದಳು, ಚಿಕ್ಕದರಿಂದ ದೊಡ್ಡದಕ್ಕೆ. ಅಳತೆ ಯಾಕೆ ಬರೆದು ಕಳಿಸಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. "ನಿನ್ನ ಅಳತೆ ಕೇಳದೆಯೇ ಅವರಿಗೆ ಗೊತ್ತಿರಬೇಕು" ಎಂದಳು. ಆಮೇಲೆ ಒಲೆಯ ಕಡೆ ತಿರುಗಿಕೊಂಡಳು.

ಎದುರು ಮನೆಯ ಹುಡುಗಿಯ ಸಂಗತಿ ಅವಳಿಗೆ ತಿಳಿದಿದ್ದರೆ ಏನನ್ನುತ್ತಿದ್ದಳೋ.

ಹೊಸ ಅಳತೆ ಇದೆ. ಇದೂ ಹಳೆಯದಾಗುತ್ತದೆ.

ಮಗಳು

*

ಏಪ್ರಿಲ್ ೨೪

ಬುಗುರಿ,

ನಿನ್ನಮ್ಮ ಹೇಳಿದ್ದು ಸರಿ. ಅದಕ್ಕಿಂತ ಹೆಚ್ಚು ಬರೆಯಲು ಕೂತೆ, ಆಗಲಿಲ್ಲ.

ನಿನ್ನ ಮೂರು ಹಾಳೆಗಳನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದೆ. ಕಾಲು ಯಾವ ಕಡೆ, ಎಷ್ಟೆಷ್ಟು ಹೋಗುತ್ತಿದೆ ಎಂದು ಕಂಡಿತು. ಈ ಸಲ ಹಾಳೆಯ ಕಾಲಿಗೆ ಹೊಲಿದಿಲ್ಲ. ನೀನು ಪೆಟ್ಟಿಗೆ ಬಿಚ್ಚುವ ದಿನ ಇರಬಹುದಾದ ಕಾಲಿಗೆ, ಅದರ ಆಚೆಗೂ ಒಂದಿಷ್ಟು ಜಾಗ ಬಿಟ್ಟು ಹೊಲಿದಿದ್ದೇನೆ. ಮೊದಲ ಸಲ ಅಂದಾಜಿಗೆ ಕತ್ತರಿ ಹಾಕಿದೆ. ಎದುರಿಗೆ ಕೂತ ದೊಡ್ಡಪ್ಪ "ಆಗ್ಲಿ" ಎಂದ.

ಒಳಗೆ ಹಳೆಯ ಕಂಬಳಿಯನ್ನು ಮೂರು ಪದರ ಮಾಡಿ ಕೂರಿಸಿದ್ದೇನೆ. ಹೊಲಿದಿಲ್ಲ, ಬಿಚ್ಚಲು ಬರುವ ಹಾಗೆ ಅಂಗಿಯ ಗುಂಡಿ ಹಾಕಿ ನಿಲ್ಲಿಸಿದ್ದೇನೆ. ಬಿಗಿಯಾಯಿತು ಅನಿಸಿದ ದಿನ ಒಂದು ಪದರ ತೆಗೆ. ಮತ್ತೆ ಬಿಗಿಯಾದರೆ ಇನ್ನೊಂದು. ಹಿಮ್ಮಡಿಯ ಜಾಗದಲ್ಲಿ ಚರ್ಮ ಕತ್ತರಿಸಿ ಮೆತ್ತಗೆ ಮಾಡಿದ್ದೇನೆ. ಈ ಬೂಟು ಅವನ ಜೊತೆ ಒಂದಿಷ್ಟು ದೂರ ಬೆಳೆಯುತ್ತದೆ.

ಪೆಟ್ಟಿಗೆಯ ತಳದಲ್ಲಿ ಒಂದು ಖಾಲಿ ಹಾಳೆ ಇಟ್ಟಿದ್ದೇನೆ. ಅದು ಕುದುರೆಗಲ್ಲ. ಮನಸ್ಸಿದ್ದರೆ.

ಅಪ್ಪ

*

ಮೇ ೬

ಅಪ್ಪನಿಗೆ,

ಆಯಿತು!

ಎರಡೂ ಕಾಲಿಗೂ ಆಯಿತು. ಬಕಲು ಹಾಕಿ ಜಲ್ಲಿಯ ಅಂಚಿಗೆ ಕರೆತಂದೆ. ನಿಂತ, ಅಭ್ಯಾಸದಂತೆ ನನ್ನ ಮುಖ ನೋಡಿದ. ನಾನು ಹಗ್ಗ ಎಳೆಯಲಿಲ್ಲ. ಒಂದು ಕಾಲು ಇಟ್ಟ, ಕಿವಿ ಹಿಂದೆ ಮುಂದೆ ಆಡಿಸಿದ, ಇನ್ನೊಂದು ಇಟ್ಟ. ಆಮೇಲೆ ಜಲ್ಲಿ ತನ್ನ ಅಪ್ಪನ ಆಸ್ತಿ ಎನ್ನುವ ಹಾಗೆ ಕೊನೆಯ ಗಾಜಿನ ಮನೆಯವರೆಗೆ ನಡೆದುಬಿಟ್ಟ. ನಾನೇ ಹಿಂದೆ ಓಡಬೇಕಾಯಿತು. ಹಿಮ್ಮಡಿ ನೋಡಿದೆ, ಒಂದು ಗೀರು ಇಲ್ಲ.

ಇವತ್ತು ಖಾಲಿ ಗಾಡಿ ಕಟ್ಟಿದೆ, ನಾಳೆ ಸಸಿ ತುಂಬುತ್ತೇನೆ. ಯಜಮಾನಿ ಹೊರಗೆ ಬಂದು ನಿಂತು ನೋಡಿದರು. "ಎಷ್ಟು ಚೆನ್ನಾಗಿ ನಡೀತಿದಾನೆ, ನಾಲ್ಕು ಜನ ನೋಡಬೇಕು" ಎಂದರು. ಅವರ ಬಾಯಲ್ಲಿ ಹೊಗಳಿಕೆ ಕೇಳಿದ್ದು ಇದೇ ಮೊದಲು.

ಇವತ್ತು ಕುದುರೆಯೂ ಹೊಟ್ಟೆ ತುಂಬ ತಿಂದಿದೆ, ಕುದುರೆ ಹೊಡೆಯುವವಳೂ ತಿಂದಿದ್ದಾಳೆ. ದೊಡ್ಡಪ್ಪನಿಗೆ ಹೇಳಿ.

ನಿಮ್ಮ ಮಗಳು

*

ಮೇ ೧೯

ಅಪ್ಪ,

ದೊರೆ ಹೋದ. ಸತ್ತಿಲ್ಲ, ಹೋದ.

ನಿಮ್ಮ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಬ್ಯಾಟರಿ ಗಾಡಿಯನ್ನು ಯಜಮಾನಿ ಏಪ್ರಿಲ್‌ನಲ್ಲೇ ಹೇಳಿಟ್ಟಿದ್ದರಂತೆ. ಅದು ಬರುವುದು ಬರುವುದೇ. ಆಗ ಅವನು ಕುಂಟುತ್ತಿದ್ದನಲ್ಲ, ಕೊಳ್ಳುವವರಿರಲಿಲ್ಲ, ಹಾಗಾಗಿ ಹುಲ್ಲಿನ ಮೇಲೆ ಉಳಿದಿದ್ದ. ಅವನು ನಡೆಯತೊಡಗಿದ ಸುದ್ದಿ ದಲ್ಲಾಳಿಗೆ ಹೋಯಿತು. ನಾಲ್ಕು ಜನ ನೋಡಬೇಕು ಎಂದು ಯಜಮಾನಿ ಅಂದಾಗ, ಆ ನಾಲ್ಕು ಜನ ಯಾರೆಂದು ನನಗೆ ಹೊಳೆಯಲಿಲ್ಲ.

ದಲ್ಲಾಳಿ ಬಂದು, ಜಲ್ಲಿಯ ಮೇಲೆ ನಡೆಸಿ ತೋರಿಸು ಎಂದ. ನಡೆಸಿದ್ದು ನಾನೇ. ಒಂದು ಪದರ ಜಾಸ್ತಿ ತುರುಕಿದ್ದರೆ ಕುಂಟುತ್ತಿದ್ದ. ಬೂಟು ಬಿಚ್ಚಿದ್ದರೆ ಅಂಚಿನಲ್ಲೇ ನಿಲ್ಲುತ್ತಿದ್ದ. ಎರಡೂ ನನ್ನ ತಲೆಗೆ ಬಂದವು. ಅವನ ಕಾಲ ಹತ್ತಿರ ಕೂತು ಬಕಲಿನ ಮೇಲೆ ಕೈಯನ್ನೂ ಇಟ್ಟೆ. ಅವನು ಬಗ್ಗಿ ನನ್ನ ಕೂದಲು ಮೂಸಿದ. ಕೈ ಆಡಲಿಲ್ಲ. ಎದ್ದು ನಡೆಸಿದೆ. ಇಷ್ಟು ವರ್ಷದಲ್ಲಿ ಅವನು ಅಷ್ಟು ಚಂದ ನಡೆದದ್ದು ನಾನು ನೋಡಿರಲಿಲ್ಲ.

ಎಲ್ಲಿಗೆ ಕರೆದೊಯ್ಯುತ್ತೀರಿ ಎಂದು ಕೇಳಿದೆ. "ಕೆಲಸ ಇರೋ ಕಡೆಗೆ" ಎಂದ. ನಿಜವೇ ಇರಬಹುದು. ಬೂಟನ್ನು ಜೊತೆಗೆ ಕಳಿಸಿದೆ, ಹಾಕಿಯೇ ಕಳಿಸಿದೆ. ಲಾರಿಯ ಹಲಗೆ ಹತ್ತುವಾಗಲೂ ಹಿಂಜರಿಯಲಿಲ್ಲ. ಬಿಗಿಯಾದರೆ ಒಂದು ಪದರ ತೆಗೆಯಿರಿ, ಸಂಜೆ ಬಿಚ್ಚಿಡಿ ಎಂದು ಎರಡೆರಡು ಸಲ ಹೇಳಿದೆ. ದಲ್ಲಾಳಿ ಹಗ್ಗ ಕಟ್ಟುತ್ತಾ "ಆಗ್ಲಿ ಆಗ್ಲಿ" ಎಂದ. ಹೀಗಾಗುತ್ತದೆ ಎಂದೇ, ಬೂಟು ಹಾಕಿ ಕಳಿಸುವ ಮೊದಲು ಅದರ ಒಳಗೂ ಮಸಿಯಲ್ಲಿ ಬರೆದಿದ್ದೆ. ಯಾರಾದರೂ ಓದುತ್ತಾರೋ ಏನೋ.

ಯಜಮಾನಿ ಸಂಜೆ ಬಂದು, ನಿನ್ನ ಕೆಲಸಕ್ಕೇನೂ ತೊಂದರೆಯಿಲ್ಲ, ಬ್ಯಾಟರಿ ಗಾಡಿ ನೀನೇ ಓಡಿಸು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಅವರ ಮೇಲೆ ಸಿಟ್ಟು ಕೂಡ ಸರಿಯಾಗಿ ಬರುತ್ತಿಲ್ಲ.

ಮಗಳು

*

ಮೇ ೨೯

ಬುಗುರಿ,

ನಿನ್ನ ಎರಡು ಕಾಗದಗಳೂ ಒಂದೇ ದಿನ ಬಂದವು. ಅಂಚೆಯವನು ಹಿಂದಿನದನ್ನು ಎಲ್ಲಿ ಇಟ್ಟುಕೊಂಡಿದ್ದನೋ. ಮೊದಲು ಬಿಚ್ಚಿದ್ದು ಸಂತೋಷದ್ದು. ದೊಡ್ಡಪ್ಪನಿಗೆ ಜೋರಾಗಿ ಓದಿ ಹೇಳಿದೆ, ಅವನು ಎಡಗೈಯಲ್ಲಿ ಮೇಜು ಕುಟ್ಟಿದ. ಆ ಕುಟ್ಟುವುದು ನಿಲ್ಲುವ ಮೊದಲೇ ಎರಡನೆಯದನ್ನು ಬಿಚ್ಚಿದೆ.

ಮೂರು ಜೊತೆ ಹೊಲಿದೆ. ಆಗದ ಎರಡು ಜೊತೆ ಅವನನ್ನು ನಿನ್ನ ಹತ್ತಿರ ಉಳಿಸಿಕೊಂಡವು, ಆದ ಜೊತೆ ಕಳಿಸಿಬಿಟ್ಟಿತು. ಅದನ್ನು ಹೊಲಿಯದೆ ಇರಬೇಕಿತ್ತೇ ಎಂದು ಯೋಚಿಸುತ್ತೇನೆ. ಆಗ ಅವನು ಕುಂಟುತ್ತಲೇ ಇರುತ್ತಿದ್ದ. ಯಾವ ಕಡೆಯಿಂದ ನೋಡಿದರೂ ದಾರಿ ಸಿಗುವುದಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ನಮ್ಮ ಹಣೆಯಲ್ಲಿ ಬರೆದದ್ದೇ ಅದು ಅನಿಸುತ್ತದೆ.

ದೊಡ್ಡಪ್ಪ "ಆಗ್ಲಿ" ಎಂದ. ನಾನು ಅವನ ಮೇಲೆ ಕೂಗಾಡಿದೆ, ಏನು ಆಗ್ಲಿ, ಯಾಕೆ ಆಗ್ಲಿ ಎಂದು. ಅವನ ಕಣ್ಣಲ್ಲಿ ನೀರು ಬಂತು, ಆಮೇಲೆ ನನ್ನ ಕಣ್ಣಲ್ಲೂ. ಅವನ ಬಾಯಿ ಒರೆಸಿ ಮಲಗಿಸಿದೆ.

ಕಂಬಳಿಯ ಮೂರು ಪದರ ಎಷ್ಟು ಕಾಲ ಬರುತ್ತದೆ ಎಂದು ಕೂತಲ್ಲೇ ಲೆಕ್ಕ ಹಾಕುತ್ತಿರುತ್ತೇನೆ. ಅದು ಮುಗಿದ ಮೇಲೆ ಏನು? ಕಣ್ಣಿಗೆ ಕಾಣದ ಕಡೆ ಒಂದು ಕಾಲು ಬೆಳೆಯುತ್ತಿದ್ದರೆ ಹೇಗಿರುತ್ತದೆ ಎಂದು ನನಗೆ ಗೊತ್ತು ಮಗಳೇ. ಅಂಗಡಿಯಲ್ಲಿ ಚರ್ಮ ಇರುತ್ತದೆ, ದಾರ ಇರುತ್ತದೆ, ಕೈ ಇರುತ್ತದೆ. ಮಾಡಲು ಮಾತ್ರ ಏನೂ ಇರುವುದಿಲ್ಲ.

ಅವನ ಅಚ್ಚು ಎರಡನ್ನೂ ಮೊಳೆಗೆ ನೇತುಹಾಕಿದ್ದೇನೆ, ಎಸೆಯುವುದಿಲ್ಲ. ಯಾರಾದರೂ ಬೂಟಿನ ಒಳಗೆ ನಿನ್ನ ಬರಹ ಓದಿ, ಯಾರು ಹೊಲಿದದ್ದು ಎಂದು ಕೇಳಿ ಬರೆದರೆ ಬೇಕಾಗುತ್ತದೆ.

ಅಪ್ಪ

*

ಜೂನ್ ೨೦

ಅಪ್ಪ,

ಬ್ಯಾಟರಿ ಗಾಡಿ ಚೆನ್ನಾಗಿಯೇ ಓಡುತ್ತದೆ. ಕೆಸರಾದರೂ ಹೋಗುತ್ತದೆ, ಜಲ್ಲಿಯಾದರೂ ಹೋಗುತ್ತದೆ. ಲಾಯದಲ್ಲಿ ಈಗ ಕುಂಡ ಪೇರಿಸಿದ್ದಾರೆ. ಬೆಳಿಗ್ಗೆ ಬಂದ ತಕ್ಷಣ ತೊಟ್ಟಿಗೆ ಬಿದ್ದ ಎಲೆ ತೆಗೆಯುವ ಅಭ್ಯಾಸ ಮಾತ್ರ ಹೋಗಿಲ್ಲ.

ಅವನ ಸುದ್ದಿ ಏನೂ ಇಲ್ಲ. ದಲ್ಲಾಳಿಯನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಯಾವ ಕುದುರೆ ಎಂದು ಅವನಿಗೆ ನೆನಪಿರಲಿಲ್ಲ. ಬೂಟು ಹಾಕಿದ ಕುದುರೆ ಎಂದೆ. ಇನ್ನೊಬ್ಬರಿಗೆ ಮಾರಿದೆ, ಅವರು ಯಾರಿಗೆ ಕೊಟ್ಟರೋ ಎಂದ. ಇಷ್ಟು ಹೊತ್ತಿಗೆ ಒಂದು ಪದರವಾದರೂ ತೆಗೆದಿರಬೇಕು. ತೆಗೆದಿರುತ್ತಾರೆ ಅಂದುಕೊಂಡಿದ್ದೇನೆ. ನೀನೂ ಹಾಗೇ ಅಂದುಕೋ. ಎದುರು ಮನೆಯ ಹುಡುಗಿಯನ್ನು ಅಂಗಡಿಯಲ್ಲಿ ನಡೆಸಿ ನೋಡಿದಾಗ ನಿನಗೆ ಸಮಾಧಾನವಾಗುತ್ತಿತ್ತಲ್ಲ, ಅಂಥದ್ದು ಏನಾದರೊಂದು ಬೇಕು.

ಪೆಟ್ಟಿಗೆಯ ತಳದಲ್ಲಿದ್ದ ಹಾಳೆ ಇದರ ಜೊತೆ ಇದೆ. ನಾನೇ ಬಗ್ಗಿ ಎಳೆದರೆ ಭಾರ ಒಂದು ಕಡೆ ಹೋಗುತ್ತದೆ, ಅದಕ್ಕೆ ಲಾಳದವರನ್ನು ಕರೆಸಿ ಅವರ ಕೈಯಲ್ಲಿ ಎಳೆಸಿದೆ. ಲಾಯದ ಕಲ್ಲಿನ ನೆಲದ ಮೇಲೆ, ಇನ್ನೊಂದು ಕಾಲು ಎತ್ತಿ, ಪೂರ್ತಿ ಭಾರ ಬಿಟ್ಟು ನಿಂತಿದ್ದೆ. ಸುತ್ತಲಿಲ್ಲ. ಬಲಗಾಲು ಎಡಗಾಲಿಗಿಂತ ಸ್ವಲ್ಪ ಅಗಲವಂತೆ, ನನಗೆ ಇವತ್ತಿನವರೆಗೆ ಗೊತ್ತಿರ‍ಲಿಲ್ಲ.

ಈ ಕಾಲು ಇನ್ನು ಬೆಳೆಯುವುದಿಲ್ಲ. ಅವಸರ ಏನಿಲ್ಲ, ನಿಧಾನವಾಗಿ ಹೊಲಿ.

ಬುಗುರಿ